ಸಾಂಚಿಯ ಕಂಬದ ಮೇಲಿರುವ ಸ್ವರ್ಗವೇ ನಿರ್ವಾಣವಾ?

ಓದುಗರ ಪ್ರಶ್ನೆ: ಬೌದ್ಧರು ಆತ್ಮವನ್ನು ಒಪ್ಪುವುದಿಲ್ಲ ಅಂತಾರೆ. ಮತ್ತೆ ಸಾಂಚಿಯಲ್ಲಿ ಸ್ವರ್ಗ ಯಾಕೆ ಕೆತ್ತಿದ್ದಾರೆ? ಅದೇನಾ ನಿರ್ವಾಣ?

ಅಲ್ಲ. ಆತ್ಮ ಇಲ್ಲ ಅಂದರೂ ಕರ್ಮ, ಮರುಹುಟ್ಟು ಎರಡನ್ನೂ ಬೌದ್ಧರು ಒಪ್ಪುತ್ತಾರೆ. ಪುಣ್ಯ ಮಾಡಿದವರು ದೇವಲೋಕದಲ್ಲಿ ಹುಟ್ಟಬಹುದು. ಆದರೆ ಅಲ್ಲೂ ಆಯಸ್ಸು ಮುಗಿಯುತ್ತದೆ, ಮತ್ತೆಲ್ಲೋ ಹುಟ್ಟಲೇಬೇಕು. ನಿರ್ವಾಣ ಅಂದರೆ ಈ ಓಡಾಟವೇ ನಿಲ್ಲುವುದು.

ಸಾಂಚಿಯ ದೊಡ್ಡ ಸ್ತೂಪದ ಪೂರ್ವ ತೋರಣ, ಅಂದರೆ ಕಲ್ಲಿನ ಹೆಬ್ಬಾಗಿಲು, ನೋಡಿ. ಒಂದು ಕಂಬದ ತುಂಬ ಮಹಡಿಯ ಮೇಲೆ ಮಹಡಿ. ಪ್ರತಿಯೊಂದರಲ್ಲೂ ನಡುವೆ ಒಬ್ಬ ದೇವರಾಜ, ಒಂದು ಕೈಯಲ್ಲಿ ವಜ್ರಾಯುಧ, ಇನ್ನೊಂದರಲ್ಲಿ ಗಿಂಡಿ. ಸುತ್ತ ಪರಿಚಾರಿಕೆಯರು. ಇವು ಆರು ದೇವಲೋಕಗಳು ಅಂತ ವಿದ್ವಾಂಸರು ಗ್ರಂಥಗಳ ಜೊತೆ ಹೋಲಿಸಿ ಗುರುತಿಸಿದ್ದಾರೆ. ತಮಾಷೆ ಅಂದ್ರೆ, ಆರೂ ಹೆಚ್ಚುಕಮ್ಮಿ ಒಂದೇ ಥರ! ಶಿಲ್ಪಿ ಕಂಡಿದ್ದ ದೊಡ್ಡ ಸುಖ ಅರಮನೆಯದ್ದೇ ಇರಬೇಕು.

ಮಧ್ಯಪ್ರದೇಶದ ಇನ್ನೊಂದು ಸ್ತೂಪದ ಜಾಗ ಭಾರ್ಹುತ್‌ನಲ್ಲಿ ಇಷ್ಟು ಊಹೆ ಬೇಕಿಲ್ಲ. ಸ್ತೂಪದ ಸುತ್ತ ಇದ್ದ ಕ್ರಿ.ಪೂ. 2ನೇ ಶತಮಾನದ ಹೊತ್ತಿನ ಕಟಾಂಜನದ (ಕಲ್ಲಿನ ಬೇಲಿಯ) ಕಲ್ಲುಗಳಲ್ಲಿ ಬಹುಪಾಲು ಈಗ ಕೋಲ್ಕತ್ತಾದ ಇಂಡಿಯನ್ ಮ್ಯೂಸಿಯಂನಲ್ಲಿವೆ. ಅನೇಕ ದೃಶ್ಯಗಳ ಹತ್ತಿರ ಬ್ರಾಹ್ಮಿ ಲಿಪಿಯಲ್ಲಿ ಹೆಸರೇ ಇದೆ. (ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯಲ್ಲೂ ಅಷ್ಟೇ: ಅಶೋಕನ ಶಿಲ್ಪದ ಜೊತೆ ಅವನ ಹೆಸರು ಸಿಕ್ಕಿದೆ.) ಭಾರ್ಹುತ್‌ನ ಒಂದು ಫಲಕದಲ್ಲಿ ಇಂದ್ರನ ವೈಜಯಂತ ಅರಮನೆ, ಪಕ್ಕದಲ್ಲಿ ದೇವತೆಗಳು ಸೇರುವ ಸುಧರ್ಮ ಸಭೆ. ಸಭೆಯ ಒಳಗೆ ಪೀಠದ ಮೇಲೆ ಸಿದ್ಧಾರ್ಥ ಮನೆ ಬಿಟ್ಟಾಗ ಕತ್ತರಿಸಿದ ಜುಟ್ಟು. ಕೆಳಗೆ ಅಪ್ಸರೆಯರ ಕುಣಿತ. ದೇವತೆಗಳು ಅದಕ್ಕೆ ಹಬ್ಬ ಮಾಡ್ತಿದ್ದಾರೆ. ಸ್ವರ್ಗದಲ್ಲಿರುವವರೇ ಮನುಷ್ಯಲೋಕದಿಂದ ಬಂದ ಜುಟ್ಟಿಗೆ ಕೈಮುಗಿಯುವುದು! ಅವರೂ ಇನ್ನೂ ದಾರಿಯಲ್ಲೇ ಇರುವವರು ಅಂತ ಇದಕ್ಕಿಂತ ಚೆನ್ನಾಗಿ ಹೇಳೋಕಾಗಲ್ಲ, ಅಲ್ವಾ?

ಅಲ್ಲೇ ಇನ್ನೊಂದು ಕಡೆ ಏಣಿ ಇದೆ. ತಾಯಿಗೆ ಧರ್ಮ ಬೋಧಿಸಿ ಬುದ್ಧ ತ್ರಯಸ್ತ್ರಿಂಶ ಲೋಕದಿಂದ, ಅಂದರೆ ಇಂದ್ರನ ಸ್ವರ್ಗದಿಂದ, ಇಳಿದ ಕಥೆ ಅದು. ಬುದ್ಧ ಕಾಣುವುದಿಲ್ಲ. ಮೇಲಿನ ಮೆಟ್ಟಿಲಲ್ಲಿ ಒಂದು ಹೆಜ್ಜೆಗುರುತು, ಕೆಳಗಿನ ಮೆಟ್ಟಿಲಲ್ಲಿ ಒಂದು.

ನಿರ್ವಾಣವನ್ನು ಹೀಗೆ ಒಂದು ಜಾಗವಾಗಿ ಕೆತ್ತಲು ಯಾರೂ ಹೋಗಲಿಲ್ಲ. ಬುದ್ಧನ ಪರಿನಿರ್ವಾಣ (ಅವನ ದೇಹಾಂತ್ಯ) ಸೂಚಿಸಬೇಕಾದಲ್ಲಿ ಒಂದು ಸ್ತೂಪ, ಅಕ್ಕಪಕ್ಕ ಕೈಮುಗಿದ ಭಕ್ತರು, ಮೇಲೆ ಹೂಮಾಲೆ ಹಿಡಿದು ಹಾರುವವರು. ಹಾಗಾಗಿ ಅರಮನೆ, ಕುಣಿತ, ಚಾಮರ ಕಂಡರೆ ದೇವಲೋಕ ಇರಬಹುದು ಅನ್ನಿ, ನಿರ್ವಾಣ ಅನ್ನಬೇಡಿ. ಸುಮ್ನೆ ಅರಮನೆಯೂ ಆಗಿರಬಹುದು, ಅಕ್ಷರ ಇದ್ದರೆ ಮೊದಲು ಓದಿ.

ನರಕದ ಚಿತ್ರ ಸಾಂಚಿ, ಭಾರ್ಹುತ್‌ಗಳ ಕಾಲದಲ್ಲಿ ತೀರಾ ಅಪರೂಪ. ಹುಟ್ಟುಸಾವಿನ ಇಡೀ ಚಕ್ರ ನೋಡಬೇಕಂದ್ರೆ ಅಜಂತಾದ 17ನೇ ಗುಹೆಯ ಜಗಲಿಗೆ ಹೋಗಬೇಕು. ಅದು ಕ್ರಿ.ಶ. 5ನೇ ಶತಮಾನದ್ದು, ಜಾಸ್ತಿ ಭಾಗ ಅಳಿಸಿಹೋಗಿದೆ.