ಬೆಂಜಮಿನ್ ಮೇಸ್: ಒಬ್ಬ ಕಾಲೇಜು ಅಧ್ಯಕ್ಷರ ವೃತ್ತಿಜೀವನ

ಅಮೆರಿಕದ ಖಾಸಗಿ ಕಾಲೇಜಿನ ಅಧ್ಯಕ್ಷರನ್ನು ನಮ್ಮ ಪ್ರಾಂಶುಪಾಲರಂತೆಯೇ ಎಂದುಕೊಂಡು ಓದಿದರೆ ಅಲ್ಲಿನ ಉನ್ನತ ಶಿಕ್ಷಣದ ಇತಿಹಾಸ ಸರಿಯಾಗಿ ತಿಳಿಯುವುದಿಲ್ಲ. ಅವರನ್ನು ನೇಮಿಸುವುದು ಸರ್ಕಾರವಲ್ಲ, ಕಾಲೇಜಿನ ಟ್ರಸ್ಟಿಗಳ ಮಂಡಳಿ. ಅಧ್ಯಾಪಕರ ಆಯ್ಕೆ, ಪ್ರವೇಶ ಮತ್ತು ಶಿಸ್ತಿನ ಜೊತೆಗೆ ದಾನಿಗಳಿಂದ ಹಣ ಕೂಡಿಸುವ ಹೊಣೆಯೂ ಅವರ ಮೇಲಿರುತ್ತದೆ. ವರ್ಣಭೇದ ಕಾನೂನಾಗಿದ್ದ ದಕ್ಷಿಣದ ರಾಜ್ಯಗಳಲ್ಲಿ ಕಪ್ಪು ವಿದ್ಯಾರ್ಥಿಗಳ ಕಾಲೇಜು ನಡೆಸುವವರಿಗೆ ಈ ಹೊಣೆ ಎಷ್ಟು ಭಾರವಾಗಿತ್ತು ಎಂಬುದನ್ನು ಅರಿಯಲು, 1940ರಿಂದ 1967ರವರೆಗೆ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಅಧ್ಯಕ್ಷರಾಗಿದ್ದ ಬೆಂಜಮಿನ್ ಮೇಸ್ ಅವರ ಬದುಕನ್ನು ಓದಬೇಕು.

ಮೇಸ್ ಹುಟ್ಟಿದ್ದು 1894ರಲ್ಲಿ, ದಕ್ಷಿಣ ಕೆರೊಲಿನಾದಲ್ಲಿ. ತಂದೆತಾಯಿ ಇಬ್ಬರೂ ಗುಲಾಮಗಿರಿಯಲ್ಲಿ ಜನಿಸಿದ್ದವರು. ಮನೆತನದ ಜೀವನಾಧಾರ ಗೇಣಿಯ ಹತ್ತಿ ಬೇಸಾಯ. ಬೇಟ್ಸ್ ಕಾಲೇಜಿನಲ್ಲಿ 1920ರಲ್ಲಿ ಪದವಿ ಪಡೆದು, ಮೋರ್‌ಹೌಸ್‌ನಲ್ಲಿ ಕೆಲಕಾಲ ಗಣಿತ ಕಲಿಸಿ, 1935ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಡಾಕ್ಟರೇಟ್ ಗಳಿಸಿದರು. ಆ ಹೊತ್ತಿಗೆ ಹೊವಾರ್ಡ್ ವಿಶ್ವವಿದ್ಯಾಲಯದ ಧರ್ಮಶಾಸ್ತ್ರ ವಿಭಾಗದ ಡೀನ್ ಆಗಿದ್ದರು.

ಅವರ ಚಿಂತನೆಗೆ ನಮ್ಮ ನಾಡಿನ ನಂಟೂ ಇದೆ. ಕ್ರೈಸ್ತ ಯುವಕರ ಸಂಘಟನೆಯಾದ ವೈಎಂಸಿಎಯ ವಿಶ್ವ ಸಮ್ಮೇಳನಕ್ಕಾಗಿ 1937ರ ಜನವರಿಯಲ್ಲಿ ಮೈಸೂರಿಗೆ ಬಂದಿದ್ದಾಗ, ಹತ್ತಿರದ ಹಳ್ಳಿಯೊಂದರಲ್ಲಿ ಅಸ್ಪೃಶ್ಯರೆಂದು ದೂರವಿಡಲಾಗಿದ್ದ ಮಕ್ಕಳ ಶಾಲೆಗೆ ಅವರನ್ನು ಕರೆದೊಯ್ಯಲಾಯಿತು. ಮುಖ್ಯೋಪಾಧ್ಯಾಯರು ಅವರನ್ನು ಅಮೆರಿಕದ ಅಸ್ಪೃಶ್ಯರಲ್ಲೊಬ್ಬರೆಂದೇ ಮಕ್ಕಳಿಗೆ ಪರಿಚಯಿಸಿದರು. ಮೊದಲು ದಿಗ್ಭ್ರಮೆಗೊಂಡ ಮೇಸ್, ಸ್ವಂತ ದೇಶದಲ್ಲಿ ತಮ್ಮ ಸ್ಥಿತಿಯೂ ಅದೇ ಎಂಬುದನ್ನು ಒಪ್ಪಿಕೊಂಡರು. ಅದೇ ಪ್ರವಾಸದಲ್ಲಿ ಅವರು ಗಾಂಧೀಜಿಯವರನ್ನು ಕಂಡು, ಅಹಿಂಸೆಯ ಬಗ್ಗೆ ಕೇಳಿದ್ದಲ್ಲದೆ, ಅಸ್ಪೃಶ್ಯತೆಯನ್ನು ವಿರೋಧಿಸುವವರು ಜಾತಿಪದ್ಧತಿಯ ಮೇಲೇಕೆ ಹೋರಾಟ ಹೂಡಲಿಲ್ಲವೆಂದೂ ಪ್ರಶ್ನಿಸಿದರು. ಈ ಎರಡನೆಯ ಪ್ರಶ್ನೆ ಅವರ ಸ್ವಭಾವವನ್ನು ಚೆನ್ನಾಗಿ ತೋರಿಸುತ್ತದೆಂದು ನನ್ನ ಅಭಿಪ್ರಾಯ.

ಮೋರ್‌ಹೌಸ್‌ಗೆ ಅವರು ಅಧ್ಯಕ್ಷರಾಗಿ ಬಂದಾಗ ಕಾಲೇಜಿನ ಹಣಕಾಸು ಬಿಗಿಯಾಗಿತ್ತು. ಬಾಕಿ ಶುಲ್ಕದ ವಸೂಲಿಯಲ್ಲಿ ಅವರು ಎಷ್ಟು ಕಟ್ಟುನಿಟ್ಟಾಗಿದ್ದರೆಂದರೆ ವಿದ್ಯಾರ್ಥಿಗಳು ಅವರಿಗೆ ‘ಬಕ್ ಬೆನ್ನಿ’ ಎಂದು ಅಡ್ಡಹೆಸರಿಟ್ಟರು (‘ಬಕ್’ ಎಂದರೆ ಆಡುಮಾತಿನಲ್ಲಿ ಡಾಲರ್). ಎರಡನೆಯ ಮಹಾಯುದ್ಧಕ್ಕೆ ಯುವಕರು ಸೇನೆ ಸೇರಿ ತರಗತಿಗಳು ಬರಿದಾದಾಗ, ಪ್ರೌಢಶಾಲೆ ಮುಗಿಸದ ಪ್ರತಿಭಾವಂತರಿಗೂ ಪ್ರವೇಶ ಕೊಡಲಾಯಿತು. ಕಾಲೇಜನ್ನು ಉಳಿಸಿಕೊಳ್ಳಲು ಕೈಗೊಂಡ ಈ ಕ್ರಮದಿಂದಲೇ 1944ರಲ್ಲಿ, ಹದಿನೈದರ ವಯಸ್ಸಿನ ಮಾರ್ಟಿನ್ ಲೂಥರ್ ಕಿಂಗ್ ಅಲ್ಲಿ ಸೇರಿದರು.

ಮಂಗಳವಾರದ ಪ್ರಾರ್ಥನಾ ಸಭೆಯಲ್ಲಿ ಮೇಸ್ ಸ್ವತಃ ಮಾತನಾಡುತ್ತಿದ್ದರು. ಬೇರ್ಪಡಿಸಿದ ಆಸನಗಳಿರುವ ಚಿತ್ರಮಂದಿರಕ್ಕೆ ದುಡ್ಡು ಕೊಟ್ಟು ಹೋಗುವುದು ತಮ್ಮ ಅವಮಾನಕ್ಕೆ ತಾವೇ ಒಪ್ಪಿಗೆ ಕೊಟ್ಟಂತೆ ಎಂಬುದು ಅವರ ನಿಲುವಾಗಿತ್ತು. ಸಭೆ ಮುಗಿದ ಮೇಲೂ ಕಿಂಗ್, ಮೇಸ್ ಅವರೊಡನೆ ಚರ್ಚೆ ಮುಂದುವರಿಸುತ್ತಿದ್ದರು. ಈ ಸಂಬಂಧದ ಬಲ 1956ರಲ್ಲಿ ಗೊತ್ತಾಯಿತು. ಬಸ್ಸುಗಳಲ್ಲಿನ ವರ್ಣಭೇದದ ವಿರುದ್ಧ ಅಲಬಾಮಾದ ಮಾಂಟ್ಗೊಮರಿ ನಗರದಲ್ಲಿ ನಡೆದ ಬಸ್ ಬಹಿಷ್ಕಾರಕ್ಕೆ ಕಿಂಗ್ ಮುಂದಾಳಾಗಿದ್ದರು. ಅದರ ನಾಯಕರ ಮೇಲೆ ಮೊಕದ್ದಮೆ ಹೂಡಿದಾಗ, ಮಗ ಅಲ್ಲಿಗೆ ಮರಳಬಾರದೆಂದು ಬಯಸಿದ ಕಿಂಗ್ ಅವರ ತಂದೆ ಅಟ್ಲಾಂಟಾದ ಹಿರಿಯರನ್ನು ಮನೆಗೆ ಕರೆಸಿದರು. ಹಿಂತಿರುಗಿ ಹೋಗಲೇಬೇಕೆಂಬ ಕಿಂಗ್ ನಿರ್ಧಾರವನ್ನು ಅಲ್ಲಿ ಗಟ್ಟಿಯಾಗಿ ಸಮರ್ಥಿಸಿದವರು ಮೇಸ್.

ನಿವೃತ್ತಿಯ ಬಳಿಕ, 1970ರಿಂದ 1981ರವರೆಗೆ, ಅವರು ಅಟ್ಲಾಂಟಾ ಶಿಕ್ಷಣ ಮಂಡಳಿಯ ಅಧ್ಯಕ್ಷರಾಗಿದ್ದರು. 1973ರಲ್ಲಿ ಅಲ್ಲಿ ಆದ ರಾಜಿಯಲ್ಲಿ ಶಾಲಾ ಆಡಳಿತದ ಉನ್ನತ ಹುದ್ದೆಗಳು ಕಪ್ಪು ಸಮುದಾಯಕ್ಕೆ ದೊರೆತವು. ಅದಕ್ಕೆ ಪ್ರತಿಯಾಗಿ ಕಪ್ಪು ಮತ್ತು ಬಿಳಿಯ ಮಕ್ಕಳನ್ನು ಬಸ್ಸಿನಲ್ಲಿ ಬೇರೆ ಬಡಾವಣೆಗಳ ಶಾಲೆಗಳಿಗೆ ಕಳಿಸಿ ಬೆರೆಸುವ ಯೋಜನೆಯನ್ನು ಬಹಳಷ್ಟು ಕಡಿತಗೊಳಿಸಲಾಯಿತು. ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಸಂಘಟನೆಯಾದ ಎನ್‌ಎಎಸಿಪಿಯ ರಾಷ್ಟ್ರೀಯ ನಾಯಕತ್ವ ಈ ಒಪ್ಪಂದವನ್ನು ಖಂಡಿಸಿತು. ಬೇರ್ಪಡಿಕೆಯನ್ನು ಜೀವನವಿಡೀ ವಿರೋಧಿಸಿದ ಮೇಸ್ ಇದಕ್ಕೆ ಏಕೆ ಒಪ್ಪಿದರೆಂಬುದನ್ನು, ಅವರನ್ನು ಮೆಚ್ಚುವವರೂ ಬಿಡದೆ ಓದಿ ಚರ್ಚಿಸಬೇಕು.