ನಡುಗಡಲಿನಲ್ಲಿ ನೆಟ್‌ವರ್ಕ್ ಹುಡುಕುವವರಿಗೆ

ಬೆಂಗಳೂರಿನ ಯಾವುದಾದರೂ ಹಳೆಯ ಬಡಾವಣೆಯಲ್ಲಿ ತಾರಸಿ ಹತ್ತಿ ಸುತ್ತ ಕಣ್ಣು ಹಾಯಿಸಿ. ನೀರಿನ ಟ್ಯಾಂಕು, ಸೋಲಾರ್ ಹೀಟರು, ಒಣಗಲು ಹಾಕಿದ ಸಂಡಿಗೆ, ಇವುಗಳ ನಡುವೆ ಮನೆಗೊಂದು ಟಿವಿ ಡಿಶ್. ಕಂಪನಿ ಯಾವುದೇ ಆಗಲಿ, ಡಿಶ್‌ಗಳೆಲ್ಲ ಹೆಚ್ಚುಕಡಿಮೆ ಆಗ್ನೇಯದ ಕಡೆಗೇ ಮುಖ ಮಾಡಿರುತ್ತವೆ. ವಾಸ್ತು ನೋಡಿ ಹಾಗೆ ಕೂರಿಸಿದ್ದಲ್ಲ. ಅವುಗಳ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ, ನಮಗಿಂತ ಪೂರ್ವದ ರೇಖಾಂಶಗಳಲ್ಲಿ, 35,786 ಕಿಲೋಮೀಟರ್ ಎತ್ತರದಲ್ಲಿವೆ. ಆ ಎತ್ತರದಲ್ಲಿ ಸುತ್ತುವ ಉಪಗ್ರಹಕ್ಕೆ ಒಂದು ಸುತ್ತಿಗೆ ಹಿಡಿಯುವ ಸಮಯವೂ ಭೂಮಿ ತನ್ನ ಸುತ್ತ ತಿರುಗಲು ಹಿಡಿಯುವ ಸಮಯವೂ ಒಂದೇ ಆದ್ದರಿಂದ ಅದು ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ. ಭೂಸ್ಥಿರ ಕಕ್ಷೆ ಎನ್ನುವುದು ಇದನ್ನೇ. ಮೆಕ್ಯಾನಿಕ್ ಬಂದು ಮೀಟರ್ ಹಿಡಿದು ಡಿಶ್ಶನ್ನು ಅತ್ತ ಇತ್ತ ತಿರುಗಿಸಿ ನಟ್ಟು ಬಿಗಿ ಮಾಡಿ ಹೋದರೆ ಆಯಿತು, ಕಾಗೆ ಕೂತು ಅಲುಗಾಡಿಸದ ಹೊರತು ವರ್ಷಗಟ್ಟಲೆ ಯೋಚನೆಯಿಲ್ಲ.

ತಾರಸಿಯೇ ಓಲಾಡತೊಡಗಿದರೆ?

ಕಡಲಿಲ್ಲದ ಈ ಊರಿನಲ್ಲಿ ಈಚೆಗೆ ಕ್ರೂಸ್ ಮಾತು ಜೋರಾಗಿದೆ. ಮುಂಬೈಗೋ ಚೆನ್ನೈಗೋ ಹೋಗಿ ಐಷಾರಾಮಿ ಹಡಗು ಹತ್ತಿ, ಗೋವಾ, ಕೊಚ್ಚಿ, ಲಕ್ಷದ್ವೀಪ ನೋಡಿ ಬರುವ ಪ್ಯಾಕೇಜುಗಳ ಬಗ್ಗೆ ಮದುವೆ ಮನೆಗಳಲ್ಲೂ ಚರ್ಚೆಯಾಗುತ್ತದೆ. ವೈಟ್‌ಫೀಲ್ಡ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ನನ್ನ ಷಡ್ಡಕರು ಹಾಗೊಂದು ಟಿಕೆಟ್ ತೆಗೆದುಕೊಂಡಿದ್ದಾರೆ. ರಜೆ ಪೂರ್ತಿ ಸಿಕ್ಕಿಲ್ಲ, ನಡುವೆ ಎರಡು ಮೀಟಿಂಗುಗಳಿಗೆ ಹಾಜರಾಗಲೇಬೇಕು. ಊಟದ ವ್ಯವಸ್ಥೆ, ಸಮುದ್ರ ಪಿತ್ತದ ಮಾತ್ರೆ ಯಾವುದನ್ನೂ ಅವರು ವಿಚಾರಿಸಲಿಲ್ಲ. ಕೇಳಿದ್ದು ಒಂದೇ: "ಹಡಗಿನಲ್ಲಿ ಎಷ್ಟು ಎಂಬಿಪಿಎಸ್ ಕೊಡುತ್ತಾರಂತೆ?" ಎಂಬಿಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಮೆಗಾಬಿಟ್ ಮಾಹಿತಿ ಎಂಬ ಲೆಕ್ಕ, ಅದೊಂದನ್ನೇ ಕೇಳುವುದು ಅಂತರ್ಜಾಲದ ಜಾಹೀರಾತುಗಳು ನಮಗೆ ಕಲಿಸಿದ ಚಾಳಿ. ಕಡಲಿನಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದದ್ದು ಉಪಗ್ರಹ ಎಷ್ಟು ದೂರದಲ್ಲಿದೆ ಎಂದು.

ಬಂದರು ಬಿಟ್ಟ ಮೊದಲ ಒಂದೆರಡು ಗಂಟೆ ಮೊಬೈಲೇ ಸಾಕು. ರೇಡಿಯೊ ತರಂಗಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ, ಭೂಮಿ ಬಾಗಿದೆ. 40 ಮೀಟರ್ ಎತ್ತರದ ಟವರ್‌ಗೆ ಕ್ಷಿತಿಜ ಸುಮಾರು 23 ಕಿಲೋಮೀಟರ್ ದೂರದಲ್ಲಿದೆ. ನೀರಿನಿಂದ 30 ಮೀಟರ್ ಎತ್ತರದ ಡೆಕ್ ಮೇಲೆ ನಿಂತವರಿಗೆ ಅದು ಇನ್ನೊಂದು 20 ಕಿಲೋಮೀಟರ್. ಎರಡನ್ನೂ ಕೂಡಿಸಿದರೆ ನಲವತ್ತು ಚಿಲ್ಲರೆ ಕಿಲೋಮೀಟರ್ ತನಕ ಟವರೂ ಫೋನೂ ಒಂದನ್ನೊಂದು ನೋಡಬಲ್ಲವು. ಇದು ಲೆಕ್ಕದ ಗರಿಷ್ಠ. ಫೋನಿನ ಪುಟ್ಟ ಬ್ಯಾಟರಿಯಿಂದ ಹೊರಡುವ ಸಂಕೇತ ಅದಕ್ಕಿಂತ ಎಷ್ಟೋ ಮೊದಲೇ ಸೊರಗುತ್ತದೆ.

ಆಮೇಲೆ ಫೋನಿನಲ್ಲಿ ಕಡ್ಡಿಗಳು ಮತ್ತೆ ಕಾಣಿಸಿಕೊಂಡರೆ ಹಿಗ್ಗಬೇಡಿ. ಅನೇಕ ಹಡಗುಗಳು ತಮ್ಮೊಳಗೇ ಸಣ್ಣ ಮೊಬೈಲ್ ಕೇಂದ್ರಗಳನ್ನು ಇಟ್ಟುಕೊಂಡು ಉಪಗ್ರಹದ ಮೂಲಕ ಕರೆಗಳನ್ನು ಸಾಗಿಸುತ್ತವೆ. ನಿಮ್ಮ ಸಿಮ್ಮಿನ ಲೆಕ್ಕದಲ್ಲಿ ಅದು ಅಂತರರಾಷ್ಟ್ರೀಯ ರೋಮಿಂಗ್. ಜೇಬಿನಲ್ಲಿ ಮಲಗಿದ್ದ ಫೋನು ತಾನಾಗಿ ಫೋಟೊಗಳನ್ನು ಬ್ಯಾಕಪ್ ಮಾಡಲು ಹೊರಟರೆ ಬಿಲ್ಲು ನೋಡಿ ಎದೆ ಹಿಡಿದುಕೊಳ್ಳಬೇಕಾದೀತು. ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ತೆರೆದಿಡುವುದು ಜಾಣತನ.

ಆ ವೈಫೈ ಮುಗಿಲಿನಿಂದ ಇಳಿದು ಬರಬೇಕು. ಹಡಗಿನ ಚಿತ್ರ ನೋಡಿದರೆ ಮೇಲ್ತುದಿಯಲ್ಲಿ ದೊಡ್ಡ ಬಿಳಿ ಗುಮ್ಮಟಗಳು ಕಾಣುತ್ತವೆ. ರಡಾರ್ ಇರಬೇಕು ಎಂದುಕೊಳ್ಳುವವರೇ ಹೆಚ್ಚು. ಫೈಬರ್‌ಗ್ಲಾಸ್‌ನಂಥ ವಸ್ತುವಿನಿಂದ ಮಾಡಿದ ಆ ಗುಮ್ಮಟ ಗಾಳಿ, ಉಪ್ಪುನೀರನ್ನು ತಡೆಯುತ್ತದೆ, ರೇಡಿಯೊ ತರಂಗಗಳನ್ನು ಸುಮ್ಮನೆ ಬಿಟ್ಟುಕೊಡುತ್ತದೆ. ಒಳಗಿರುವುದು ನಮ್ಮ ತಾರಸಿಯ ಡಿಶ್ಶಿನದೇ ಜಾತಿಯ ದೊಡ್ಡ ತಟ್ಟೆ, ಆದರೆ ಅದಕ್ಕೆ ಬಿಡುವೆಂಬುದೇ ಇಲ್ಲ. ಹಡಗು ಎಡಕ್ಕೆ ವಾಲಿದರೆ ತಟ್ಟೆ ಬಲಕ್ಕೆ ವಾಲಬೇಕು, ಮೂತಿ ಎದ್ದರೆ ಇದು ತಗ್ಗಬೇಕು, ನಾವಿಕ ದಿಕ್ಕು ಬದಲಿಸಿದರೆ ಇದು ಉಲ್ಟಾ ತಿರುಗಬೇಕು. ಓಲಾಟವನ್ನು ಗೈರೊಸ್ಕೋಪುಗಳು ಅಳೆದು ಹೇಳುತ್ತಲೇ ಇರುತ್ತವೆ, ಮೋಟಾರುಗಳು ತಟ್ಟೆಯನ್ನು ಆಡಿಸುತ್ತಲೇ ಇರುತ್ತವೆ. ಒಂದು ಮೀಟರ್ ಅಗಲದ ತಟ್ಟೆಯಿಂದ ಕೆಯು ಬ್ಯಾಂಡ್ ಎಂಬ ತರಂಗಶ್ರೇಣಿಯಲ್ಲಿ ಹೊರಡುವ ಕಿರಣಪುಂಜದ ಅಗಲ ಒಂದೂವರೆ ಡಿಗ್ರಿ ಆಸುಪಾಸು. ಗುರಿ ಅಷ್ಟು ತಪ್ಪಿದರೆ ನೆಟ್ ಹೋಗುವುದಷ್ಟೇ ಅಲ್ಲ, ಭೂಸ್ಥಿರ ಕಕ್ಷೆಯಲ್ಲಿ ಎರಡು ಮೂರು ಡಿಗ್ರಿ ಅಂತರದಲ್ಲಿ ಸಾಲಾಗಿರುವ ಪಕ್ಕದ ಉಪಗ್ರಹದ ಕಿವಿಗೆ ಇವರ ಕೂಗು ಬೀಳುತ್ತದೆ. ಗುರಿ ಸರಿದ ಕೂಡಲೇ ಪ್ರಸಾರ ತಾನಾಗಿ ನಿಲ್ಲುವಂತೆ ಈ ಆಂಟೆನಾಗಳನ್ನು ಕಟ್ಟಿರುವುದು ಅದಕ್ಕಾಗಿ. ಹೊಗೆ ಗೂಡೋ ಕಂಬವೋ ಅಡ್ಡ ಬಂದರೂ ಸಂಪರ್ಕ ಕಡಿಯುವುದರಿಂದ ಒಂದಕ್ಕೆ ಎರಡು, ಮೂರು ಗುಮ್ಮಟ ಇಟ್ಟಿರುತ್ತಾರೆ. ಇದರ ಮೇಲೆ ಮಳೆಯ ಕಾಟ: ಮೇ ತಿಂಗಳ ಗುಡುಗು ಮಳೆಗೆ ನಮ್ಮ ಟಿವಿ ಚಿತ್ರ ಚೂರುಚೂರಾಗಿ ನಿಲ್ಲುವುದಕ್ಕೆ ಕಾರಣವಾದ ಹನಿಗಳೇ ಕಡಲಿನ ಮೇಲೂ ಕೆಯು ಮತ್ತು ಅದಕ್ಕೂ ಮೇಲಿನ ಕೆಎ ಬ್ಯಾಂಡಿನ ಸಂಕೇತವನ್ನು ನುಂಗುತ್ತವೆ.

ಇಷ್ಟೆಲ್ಲ ಪಾಡುಪಟ್ಟು ಗುರಿ ಹಿಡಿದರೂ ದೂರದ ಲೆಕ್ಕ ಹಾಗೆಯೇ ಉಳಿಯುತ್ತದೆ. ಹಡಗಿನಿಂದ ಉಪಗ್ರಹಕ್ಕೆ ಸುಮಾರು 36,000 ಕಿಲೋಮೀಟರ್, ಅಲ್ಲಿಂದ ನೆಲದ ಕೇಂದ್ರಕ್ಕೆ ಮತ್ತೆ ಅಷ್ಟೇ. ಸೆಕೆಂಡಿಗೆ ಸುಮಾರು ಮೂರು ಲಕ್ಷ ಕಿಲೋಮೀಟರ್ ಓಡುವ ಬೆಳಕಿಗೂ ಈ ದಾರಿಗೆ ಕಾಲು ಸೆಕೆಂಡು ಬೇಕು. ಉತ್ತರ ಅದೇ ದಾರಿಯಲ್ಲಿ ಮರಳುವಾಗ ಇನ್ನೊಂದು ಕಾಲು ಸೆಕೆಂಡು. ನಡುವಿನ ಯಂತ್ರಗಳ ಪಾಲು ಸೇರಿದರೆ ಹೋಗಿ ಬರಲು 600 ಮಿಲಿಸೆಕೆಂಡು. ಬೆಂಗಳೂರಿನ ಮನೆಯ ಫೈಬರ್ ಸಂಪರ್ಕದಲ್ಲಿ ಹತ್ತಿರದ ಸರ್ವರ್‌ಗೆ ಹೋಗಿ ಬರಲು 20 ಮಿಲಿಸೆಕೆಂಡು ಧಾರಾಳ.

ಅರ್ಧ ಸೆಕೆಂಡಿಗೆಲ್ಲ ಏನು ಗಲಾಟೆ ಎನಿಸಬಹುದು. ತೊಂದರೆಯೆಂದರೆ ಅಂತರ್ಜಾಲ ಒಂದೇ ಪ್ರಶ್ನೆಗೆ ಸುಮ್ಮನಾಗುವುದಿಲ್ಲ. ಒಂದು ಪುಟ ತೆರೆಯಬೇಕಾದರೆ ಮೊದಲು ಆ ಹೆಸರಿನ ವಿಳಾಸ ಕೇಳಬೇಕು, ಆಮೇಲೆ ಸರ್ವರ್ ಜೊತೆ ಪರಿಚಯವಾಗಬೇಕು, ಆಮೇಲೆ ಗೂಢಲಿಪಿಯ ಒಪ್ಪಂದವಾಗಬೇಕು. ಒಂದೊಂದಕ್ಕೂ ಒಂದು ಸುತ್ತು. ಅಷ್ಟಾದ ಮೇಲೂ ಸರ್ವರ್ ಧೈರ್ಯ ಮಾಡಿ ಎಲ್ಲವನ್ನೂ ಒಮ್ಮೆಗೇ ಕಳಿಸುವುದಿಲ್ಲ. ದಾರಿ ಎಷ್ಟು ಅಗಲವಿದೆಯೋ ಗೊತ್ತಿಲ್ಲದ್ದರಿಂದ ಟಿಸಿಪಿ ಎಂಬ ಸಾಗಣೆ ನಿಯಮದ ಪ್ರಕಾರ ಮೊದಲು ಮಾಹಿತಿಯ ಹತ್ತು ಪ್ಯಾಕೆಟ್, ಅಂದರೆ 14 ಕಿಲೋಬೈಟಿನಷ್ಟು ಕಳಿಸಿ "ತಲುಪಿತು" ಎಂಬ ಸ್ವೀಕೃತಿಗೆ ಕಾಯುತ್ತದೆ. ಬಂದರೆ ಇಪ್ಪತ್ತು, ಆಮೇಲೆ ನಲವತ್ತು. ಒಂದು ಮೆಗಾಬೈಟಿನ ಪುಟ ಹೀಗೆ ಪೂರ್ತಿ ತಲುಪಲು ಏಳು ಸುತ್ತು ಬೇಕು. ಮೊದಲಿನ ಮೂರು ಸೇರಿಸಿದರೆ ಹತ್ತು. ಮನೆಯ ಫೈಬರ್‌ನಲ್ಲಿ ಹತ್ತು ಸುತ್ತು ಎಂದರೆ ಸೆಕೆಂಡಿನ ಐದನೇ ಒಂದು ಭಾಗ, ಭೂಸ್ಥಿರ ಉಪಗ್ರಹದಲ್ಲಿ ಆರು ಸೆಕೆಂಡು. ಹಡಗಿನವರು 10 ಎಂಬಿಪಿಎಸ್ ಕೊಡಲಿ, 100 ಕೊಡಲಿ, ಆ ಆರು ಸೆಕೆಂಡಿನಲ್ಲಿ ಹೆಚ್ಚಿನ ಭಾಗ ಬರೀ ಕಾಯುವುದಕ್ಕೇ ಹೋಗುತ್ತದೆ.

ಎಂಜಿನಿಯರುಗಳು ಇದಕ್ಕೊಂದು ಸುಳ್ಳು ಕಂಡುಕೊಂಡರು. ನೆಲದ ಕೇಂದ್ರದಲ್ಲಿ ಕೂತ ಒಂದು ಯಂತ್ರ, ಊರಿಗೆ ಹೋದ ಯಜಮಾನರ ಪರವಾಗಿ ಕೊರಿಯರ್‌ಗೆ ಸಹಿ ಹಾಕುವ ಪಕ್ಕದ ಮನೆಯವರಂತೆ, ಹಡಗಿನ ಪರವಾಗಿ "ತಲುಪಿತು" ಎಂದು ತಾನೇ ಹೇಳಿಬಿಡುತ್ತದೆ. ಸರ್ವರ್ ಖುಷಿಯಾಗಿ ಮುಂದಿನ ಕಂತು ಕಳಿಸುತ್ತದೆ. ಬಹುಕಾಲ ಹಡಗಿನ ಅಂತರ್ಜಾಲ ಸಹನೀಯವಾಗಿದ್ದದ್ದು ಈ ಉಪಾಯದಿಂದ. ಈಚಿನ ಕ್ವಿಕ್ ಎಂಬ ಹೊಸ ವಿಧಾನದಲ್ಲಿ ಆ ಸ್ವೀಕೃತಿಗಳೂ ಗೂಢಲಿಪಿಯೊಳಗೆ ಹೋಗಿರುವುದರಿಂದ ನಡುವಿನವರು ಸಹಿ ಹಾಕಲು ಬರುವುದಿಲ್ಲ. ಭದ್ರತೆ ಹೆಚ್ಚಿತು, ಹಳೆಯ ಉಪಾಯ ಕೆಟ್ಟಿತು.

ಮೀಟಿಂಗುಗಳಿಗಂತೂ ಯಾವ ಸುಳ್ಳೂ ನಡೆಯುವುದಿಲ್ಲ. ಮಾತು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಲುಪಲು 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸಹಜ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಮಾನದಂಡ. ಭೂಸ್ಥಿರ ಉಪಗ್ರಹದಲ್ಲಿ ಬರೀ ಪ್ರಯಾಣಕ್ಕೇ 240 ಬೇಕು. ಇಬ್ಬರೂ ಒಟ್ಟಿಗೆ ಬಾಯಿ ತೆರೆಯುವುದು, ಇಬ್ಬರೂ "ನೀವು ಹೇಳಿ" ಎಂದು ನಿಲ್ಲಿಸುವುದು, ಮತ್ತೆ ಇಬ್ಬರೂ ಒಟ್ಟಿಗೆ ಶುರು ಮಾಡುವುದು, ಇದೇ ನಡೆಯುತ್ತದೆ.

ದೂರಕ್ಕೆ ಮದ್ದು ಹತ್ತಿರ ಬರುವುದೇ. 2013ರಲ್ಲಿ ಓ3ಬಿ ಎಂಬ ಕಂಪನಿಯ ಮೊದಲ ಉಪಗ್ರಹಗಳು ಸುಮಾರು 8,000 ಕಿಲೋಮೀಟರ್ ಎತ್ತರದ ಮಧ್ಯಮ ಕಕ್ಷೆಗೆ ಏರಿದವು. ಹೋಗಿ ಬರುವ ತಡ 150 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯಿತು, ದೊಡ್ಡ ಕ್ರೂಸ್ ಹಡಗುಗಳು ಅದರ ಮೊದಲ ಗಿರಾಕಿಗಳಲ್ಲಿ ಸೇರಿದವು. ನಿಜವಾದ ತಿರುವು ಬಂದದ್ದು ಸುಮಾರು 550 ಕಿಲೋಮೀಟರ್ ಎತ್ತರದ, ಸ್ಪೇಸ್‌ಎಕ್ಸ್ ಕಂಪನಿಯ ಸ್ಟಾರ್‌ಲಿಂಕ್ ಉಪಗ್ರಹಗಳಿಂದ. 2022ರ ಆಗಸ್ಟ್‌ನಲ್ಲಿ ರಾಯಲ್ ಕೆರಿಬಿಯನ್ ಸಂಸ್ಥೆ ತನ್ನ ಹಡಗುಗಳಿಗೆಲ್ಲ ಅದನ್ನು ಹಾಕಿಸುವುದಾಗಿ ಪ್ರಕಟಿಸಿತು, ಉಳಿದವರು ಹಿಂಬಾಲಿಸಿದರು. ಇಲ್ಲಿ ತಡ ಸಾಮಾನ್ಯವಾಗಿ 100 ಮಿಲಿಸೆಕೆಂಡಿನ ಒಳಗೇ ಇರುತ್ತದೆ.

ಕೆಳಗಿನ ಕಕ್ಷೆಗೆ ಬೇರೆ ಕಷ್ಟವಿದೆ. ಸೆಕೆಂಡಿಗೆ ಏಳೂವರೆ ಕಿಲೋಮೀಟರ್ ವೇಗದಲ್ಲಿ ಓಡುವ ಉಪಗ್ರಹ ಕೆಲವೇ ನಿಮಿಷಗಳಲ್ಲಿ ಆಕಾಶ ದಾಟುತ್ತದೆ. ಆದ್ದರಿಂದ ತಿರುಗುವ ತಟ್ಟೆಯ ಬದಲು ಅಲುಗಾಡದ ಚಪ್ಪಟೆ ಹಲಗೆ. ಅದರೊಳಗಿನ ನೂರಾರು ಪುಟ್ಟ ಆಂಟೆನಾಗಳ ಸಂಕೇತಗಳನ್ನು ಕೂದಲೆಳೆಯಷ್ಟು ಹಿಂದುಮುಂದು ಮಾಡಿದರೆ ಕಿರಣ ತಾನಾಗಿ ಓರೆಯಾಗುತ್ತದೆ, ಮೋಟಾರು ಬೇಡ. ನಡುಸಾಗರದಲ್ಲಿ ನೆಲದ ಕೇಂದ್ರವೇ ಕಾಣದಿದ್ದಾಗ ಉಪಗ್ರಹಗಳು ಲೇಸರ್ ಮೂಲಕ ಒಂದರಿಂದೊಂದಕ್ಕೆ ಮಾಹಿತಿ ದಾಟಿಸುತ್ತವೆ. ಗಾಜಿನ ಎಳೆಯೊಳಗೆ ಬೆಳಕಿನ ವೇಗ ಸೆಕೆಂಡಿಗೆ ಎರಡು ಲಕ್ಷ ಕಿಲೋಮೀಟರಿಗೆ ಇಳಿಯುತ್ತದೆ, ನಿರ್ವಾತದಲ್ಲಿ ಇಳಿಯುವುದಿಲ್ಲ. ಆದ್ದರಿಂದ ದೂರದ ಪಯಣಕ್ಕೆ ಈ ದಾರಿ ಫೈಬರ್‌ಗಿಂತಲೂ ಚುರುಕಾಗಬಲ್ಲದು ಎಂಬುದು ನನಗೆ ಈ ಕಥೆಯಲ್ಲೆಲ್ಲ ಅತಿ ಸೊಗಸಾದ ಭಾಗ.

ಈಗ ಎಂಬಿಪಿಎಸ್ ಲೆಕ್ಕಕ್ಕೆ ಬರಬಹುದು. 2022ರ ಜುಲೈನಲ್ಲಿ ಹಡಗುಗಳಿಗೆಂದು ಶುರುವಾದ ಸ್ಟಾರ್‌ಲಿಂಕ್ ಸೇವೆ ಎರಡು ಆಂಟೆನಾಗಳಿಗೆ 350 ಎಂಬಿಪಿಎಸ್ ತನಕ ಎಂದು ಹೇಳಿಕೊಂಡಿತ್ತು. ಒಂದು ಮನೆಗೆ ಅದು ಹಬ್ಬ. ಹಡಗಿನಲ್ಲಿ 2,500 ಜನ ಒಟ್ಟಿಗೆ ಎಳೆದರೆ ತಲೆಗೆ 0.14 ಎಂಬಿಪಿಎಸ್. ಎಲ್ಲರೂ ಒಂದೇ ಕ್ಷಣದಲ್ಲಿ ಎಳೆಯುವುದಿಲ್ಲ, ದೊಡ್ಡ ಹಡಗಿನಲ್ಲಿ ಆಂಟೆನಾಗಳೂ ಹೆಚ್ಚು ಎಂಬುದು ಸಮಾಧಾನ. ಆದರೆ ಪಕ್ಕದಲ್ಲೇ ಇನ್ನೆರಡು ಹಡಗು ಲಂಗರು ಹಾಕಿದರೆ ಮೇಲಿನ ಅದೇ ಕಿರಣವನ್ನು ಅವೂ ಹಂಚಿಕೊಳ್ಳುತ್ತವೆ. ಸಂಜೆ ಊಟ ಮುಗಿಸಿ ಎಲ್ಲರೂ ಸೂರ್ಯಾಸ್ತದ ವಿಡಿಯೊ ಏರಿಸುವ ಹೊತ್ತಿನಲ್ಲಿ ಮೀಟಿಂಗ್ ಇಟ್ಟುಕೊಳ್ಳದಿರುವುದು ಲೇಸು. ಕೊಠಡಿಗಳ ಉಕ್ಕಿನ ಗೋಡೆಗಳೂ ವೈಫೈಗೆ ಅಡ್ಡಿ, ಓಣಿಯಲ್ಲಿ ಚೆನ್ನಾಗಿದ್ದದ್ದು ಬಾಗಿಲು ಹಾಕಿದೊಡನೆ ಸೊರಗುವುದುಂಟು.

ನಮ್ಮ ಕರಾವಳಿಯಲ್ಲಿ ಕಾನೂನಿನ ಮಾತೂ ಇದೆ. ವಿಮಾನ ಮತ್ತು ಹಡಗುಗಳೊಳಗಿನ ಸಂಪರ್ಕಕ್ಕೆ ಭಾರತ ಸರ್ಕಾರ 2018ರ ಡಿಸೆಂಬರ್‌ನಲ್ಲಿ ನಿಯಮಾವಳಿ ತಂದಿತು. ಅದರಂತೆ ಇಲ್ಲಿ ಸೇವೆ ಕೊಡಬೇಕಾದರೆ ಭಾರತದ ಪರವಾನಗಿ ಬೇಕು. ಯಾವುದೇ ದೇಶದ ತೀರದಿಂದ 12 ನಾಟಿಕಲ್ ಮೈಲು, ಅಂದರೆ 22 ಕಿಲೋಮೀಟರ್ ಒಳಗೆ ಆ ದೇಶದ ಅಧಿಕಾರ. ಅನುಮತಿಯಿಲ್ಲದ ಕಡೆ ಹಡಗು ತನ್ನ ಆಂಟೆನಾವನ್ನು ಮುಚ್ಚಬೇಕು. ನಡುಗಡಲಿನಲ್ಲಿ ಓಡುತ್ತಿದ್ದ ನೆಟ್ ದಡ ಕಾಣುವಾಗ ನಿಂತರೆ ಕಾರಣ ಭೌತಶಾಸ್ತ್ರವೇ ಆಗಿರಬೇಕಿಲ್ಲ.

ಬೆಂಗಳೂರಿಗೂ ಇದರಲ್ಲಿ ಪಾಲಿದೆ. ಇಲ್ಲಿನ ಯು. ಆರ್. ರಾವ್ ಉಪಗ್ರಹ ಕೇಂದ್ರ ರೂಪಿಸಿದ ಜಿಸ್ಯಾಟ್-ಎನ್2 2024ರ ನವೆಂಬರ್‌ನಲ್ಲಿ ಅಮೆರಿಕದ ಫಾಲ್ಕನ್ 9 ರಾಕೆಟ್ಟಿನಲ್ಲಿ ಏರಿತು. 4,700 ಕಿಲೋ ತೂಕ, 48 ಜಿಬಿಪಿಎಸ್ (ಅಂದರೆ 48,000 ಎಂಬಿಪಿಎಸ್) ಸಾಮರ್ಥ್ಯ, ಭಾರತದ ಮೇಲೆ 32 ಕಿರಣಗಳು. ವಿಮಾನದೊಳಗಿನ ಅಂತರ್ಜಾಲವೂ ಅದರ ಕೆಲಸಗಳಲ್ಲೊಂದು. ಸಾಮರ್ಥ್ಯ ಬೇಕಾದಷ್ಟಿದೆ, ಆದರೆ ಅದೂ ಭೂಸ್ಥಿರ, ಆ ಅರ್ಧ ಸೆಕೆಂಡನ್ನು ಯಾರೂ ತೆಗೆಯಲಾರರು. ಕೆಳಗಿನ ಕಕ್ಷೆಗಾಗಿ ಇಸ್ರೊ ಮಾಡಿದ ಕೆಲಸವೆಂದರೆ 2022ರ ಅಕ್ಟೋಬರ್ ಮತ್ತು 2023ರ ಮಾರ್ಚ್‌ನಲ್ಲಿ ಒನ್‌ವೆಬ್ ಕಂಪನಿಯ ತಲಾ 36 ಅಂತರ್ಜಾಲ ಉಪಗ್ರಹಗಳನ್ನು ಎಲ್‌ವಿಎಂ3 ರಾಕೆಟ್ಟಿನಲ್ಲಿ ಕಳಿಸಿದ್ದು. ಅವು ಸುತ್ತುವುದು 1,200 ಕಿಲೋಮೀಟರ್ ಎತ್ತರದಲ್ಲಿ.

ಷಡ್ಡಕರಿಗೆ ನಾನು ಹೇಳಿದ್ದು ಇಷ್ಟು: ಟಿಕೆಟ್ ಮಾರಿದವರನ್ನು ಉಪಗ್ರಹ ಯಾವ ಕಕ್ಷೆಯದು ಎಂದು ಕೇಳಿ, ಭೂಸ್ಥಿರವಾದರೆ ಮೀಟಿಂಗಿನಲ್ಲಿ ಕ್ಯಾಮೆರಾ ಮುಚ್ಚಿ, ಮಾತು ಕಡಿಮೆ ಮಾಡಿ, ಬೇಕಾದ ಕಡತಗಳನ್ನೆಲ್ಲ ಬೆಂಗಳೂರಿನಲ್ಲೇ ಇಳಿಸಿಕೊಳ್ಳಿ. ಅವರ ಹಡಗು ಲಕ್ಷದ್ವೀಪಕ್ಕೂ ಹೋಗುತ್ತದೆ. ಆ ದ್ವೀಪಗಳೂ ಬಹುಕಾಲ ಹಡಗಿನಂತೆ ಉಪಗ್ರಹವನ್ನೇ ನಂಬಿಕೊಂಡಿದ್ದವು. ಕೊಚ್ಚಿಯಿಂದ ಸಮುದ್ರದಡಿ ಎಳೆದ ಫೈಬರ್ ಕೇಬಲ್ 2024ರ ಜನವರಿಯಲ್ಲಿ ಉದ್ಘಾಟನೆಯಾಗಿ ಕವರತ್ತಿ, ಅಗತ್ತಿ, ಮಿನಿಕಾಯ್ ಸೇರಿದಂತೆ 11 ದ್ವೀಪಗಳನ್ನು ಮುಟ್ಟಿದೆ. ಎರಡನೆಯ ಮೀಟಿಂಗನ್ನು ಹಡಗಿನಿಂದ ಇಳಿದ ದಿನಕ್ಕೆ ಹೊಂದಿಸಿಕೊಳ್ಳಲಾಗುತ್ತದೆಯೇ ಎಂದು ಅವರು ಮ್ಯಾನೇಜರರನ್ನು ಕೇಳಿದ್ದಾರೆ.