ಸಹಿ ಇಲ್ಲದ ತೀರ್ಮಾನಗಳು

“ಮಾಲೀಕರೇ ಇಲ್ಲಾಂದ್ರ, ಕೆಟ್ಟಾಗ ಯಾರನ್ನ ಕೇಳೂದ್ರಿ?” ಗಂಗಾವತಿ, ಸಿಂಧನೂರು ಕಡೆ ಮಾಸ್ಟಡಾನ್ (ಒಂದೇ ಕಂಪನಿಯ ಬದಲು ಬೇರೆ ಬೇರೆಯವರು ನಡೆಸುವ ಸರ್ವರ್‌ಗಳು ಸೇರಿ ಆದ ಸಾಮಾಜಿಕ ಜಾಲ) ಮಾತು ತೆಗೆದರೆ ಮೊದಲು ಬರುವ ಪ್ರಶ್ನೆ ಇದು. “ಅದೇ ಅದರ ಸೊಗಸು” ಎಂದು ಅಭಿಮಾನಿಗಳು ನಕ್ಕುಬಿಡುತ್ತಾರೆ. ನನಗೆ ಸಿಟ್ಟು ಬರುವುದು ಆ ನಗುವಿಗೆ.

ಸೊಗಸೇನೋ ನಿಜ. ರಾಯಚೂರಿನವರೊಬ್ಬರು ಜರ್ಮನಿಯ ಸರ್ವರ್‌ನಲ್ಲಿರುವ ಒಬ್ಬರನ್ನು ಫಾಲೋ ಮಾಡಿದರು ಅನ್ನಿ. ಇವರ ಸರ್ವರ್ ಒಂದು ಕೋರಿಕೆ ಬರೆದು, ಖಾಸಗಿ ಕೀಲಿಯಿಂದ (ತನ್ನ ಬಳಿ ಮಾತ್ರ ಇರುವ ಗುಟ್ಟಿನ ಸಂಕೇತ) ಡಿಜಿಟಲ್ ಸಹಿ ಹಾಕಿ, ಅವರ ಇನ್‌ಬಾಕ್ಸ್‌ಗೆ ಕಳಿಸುತ್ತದೆ. ಆ ಕಡೆಯ ಸರ್ವರ್ ಸುಮ್ಮನೆ ನಂಬುವುದಿಲ್ಲ. ಇವರ ಖಾತೆಯ ವಿವರದಲ್ಲಿರುವ ಸಾರ್ವಜನಿಕ ಕೀಲಿ ತೆಗೆದು ತಾಳೆ ನೋಡುತ್ತದೆ. ದಾರಿಯಲ್ಲಿ ಒಂದಕ್ಷರ ಬದಲಾಗಿದ್ದರೂ ತಾಳೆ ತಪ್ಪುತ್ತದೆ. ಸರಿಯಿದ್ದರೆ ‘ಒಪ್ಪಿದೆ’ ಎಂಬ ಉತ್ತರ, ಅದಕ್ಕೂ ಸಹಿ. ಈ ವ್ಯವಹಾರದ ಭಾಷೆಯೇ ಆ್ಯಕ್ಟಿವಿಟಿಪಬ್. ವೆಬ್‌ನ ಮಾನದಂಡಗಳನ್ನು ರೂಪಿಸುವ ಸಂಸ್ಥೆ ಡಬ್ಲ್ಯೂ3ಸಿ ಅದನ್ನು ಶಿಫಾರಸು ಮಾಡಿದ್ದು 2018ರ ಜನವರಿಯಲ್ಲಿ. (ತಮಾಷೆಯೆಂದರೆ ಸಹಿ ಹಾಕುವುದು ಆ ದಾಖಲೆಯಲ್ಲಿ ಕಡ್ಡಾಯವಲ್ಲ, ಬಳಕೆಯಲ್ಲಿ ರೂಢಿಯಾದದ್ದು.)

ಒಂದು ಲೈಕ್‌ಗೂ ಸಹಿ ಕೇಳುವ ಈ ಜಾಲದಲ್ಲಿ, ಕೋಡ್‌ಗೆ ಹೊಸ ಸಾಲು ಸೇರಿಸುವ ಅಧಿಕಾರ ಯಾರದು? ದೇಣಿಗೆ ಯಾವ ಬ್ಯಾಂಕ್ ಖಾತೆಗೆ ಹೋಗುತ್ತದೆ? ಟ್ರೇಡ್‌ಮಾರ್ಕ್ ಯಾರ ಹೆಸರಿನಲ್ಲಿದೆ? ಆ್ಯಕ್ಟಿವಿಟಿಪಬ್ ಇದಕ್ಕೆಲ್ಲ ಬಾಯಿ ಬಿಡುವುದಿಲ್ಲ. “ಹಿಡಿಸದಿದ್ದರೆ ಕೋಡ್ ನಕಲು ಮಾಡಿಕೊಂಡು ಬೇರೆ ಹೋಗಿ” ಎನ್ನುತ್ತಾರೆ ಅಭಿಮಾನಿಗಳು. ಹೋಗಬಹುದು, ಹೆಸರು, ಹಣ, ಜನ ಹಿಂದೆ ಬರುವುದಿಲ್ಲ.

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೇ ಭಾಗದ ರೈತರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಉಪಕಾಲುವೆ, ತೂಬು ಎಷ್ಟೇ ಕವಲೊಡೆದಿರಲಿ, ನೀರು ಯಾವತ್ತು ಬಿಡಬೇಕೆಂಬುದು ಐಸಿಸಿ (ನೀರಾವರಿ ಸಲಹಾ ಸಮಿತಿ) ಸಭೆಯ ಮಾತು. 2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದಾಗಲೂ ಕೇಳಲು ತುಂಗಭದ್ರಾ ಮಂಡಳಿ ಎಂಬ ಬಾಗಿಲೊಂದಿತ್ತು.

ಮಾಸ್ಟಡಾನ್‌ಗಿಂತ ಮೊದಲೇ ಬಂದ ಅಂಥದೇ ಜಾಲ ಡಯಾಸ್ಪೊರಾಗೆ ಅಂಥ ಬಾಗಿಲನ್ನು ಆಮೇಲೆ ಕೂಡಿಸಬೇಕಾಯಿತು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ನಾಲ್ವರು ವಿದ್ಯಾರ್ಥಿಗಳು 2010ರಲ್ಲಿ ಅದನ್ನು ಕಟ್ಟಲೆಂದು ಜನರಿಂದ 10 ಸಾವಿರ ಡಾಲರ್ ಕೇಳಿದ್ದರು, ಬಂದದ್ದು 2 ಲಕ್ಷ. 2012ರ ಆಗಸ್ಟ್‌ನಲ್ಲಿ ಯೋಜನೆಯನ್ನು ಸಮುದಾಯಕ್ಕೆ ಒಪ್ಪಿಸಿದರು. ಸಮುದಾಯವೆಂದರೆ ಯಾರು, ಯಾರ ಮಾತು ಕೊನೆಯದು? ಕೊನೆಗೆ ಲೂಮಿಯೋ ಎಂಬ ಆನ್‌ಲೈನ್ ಚರ್ಚಾತಾಣದಲ್ಲಿ ಎಲ್ಲರ ಕಣ್ಣೆದುರು ಪ್ರಸ್ತಾವ ಇಟ್ಟು, ಚರ್ಚಿಸಿ, ಮತ ಹಾಕುವ ಪದ್ಧತಿ ಬಂತು. ನಿಧಾನ, ಆದರೆ ಯಾರು ಏನಂದರೆಂಬುದು ದಾಖಲೆಯಲ್ಲಿ ಉಳಿಯುತ್ತದೆ.

ಮಾಸ್ಟಡಾನ್ ಕಥೆ ಇನ್ನೂ ಉದ್ದ. ಯೂಜೆನ್ ರಾಚ್ಕೊ 2016ರಲ್ಲಿ ಒಬ್ಬರೇ ಶುರುಮಾಡಿದರು. 2021ರಲ್ಲಿ ಜರ್ಮನಿಯಲ್ಲಿ ಲಾಭರಹಿತ ಕಂಪನಿಯಾಯಿತು, ವಾರ್ಷಿಕ ವರದಿಗಳು ಬರತೊಡಗಿದವು. ಅವರು ಮುಖ್ಯಸ್ಥನ ಕುರ್ಚಿ ಬಿಟ್ಟು ಟ್ರೇಡ್‌ಮಾರ್ಕನ್ನು ಸಂಸ್ಥೆಗೆ ಕೊಡುವುದಾಗಿ ಸಾರಿದ್ದು 2025ರ ನವೆಂಬರ್‌ನಲ್ಲಿ. ವಿಕೇಂದ್ರೀಕೃತ ಎಂದು ನಾವು ಕೊಂಡಾಡುತ್ತಿದ್ದ ಜಾಲದ ಹೆಸರು ಅಷ್ಟೂ ವರ್ಷ ಒಬ್ಬರ ಕೈಯಲ್ಲೇ ಇತ್ತು.

ಖಾತೆ ತೆರೆಯುವ ಮುಂಚೆ ಆ ಸರ್ವರ್‌ನ ಪರಿಚಯ ಪುಟ ಓದಿ. ನಡೆಸುವವರು ಯಾರು, ನಿಯಮಗಳೇನು, ಯಾವ ಸರ್ವರ್‌ಗಳನ್ನು ಯಾಕೆ ತಡೆದಿದ್ದಾರೆ ಎಂಬುದನ್ನೆಲ್ಲ ಅಲ್ಲಿ ತೋರಿಸಲು ಅನುಕೂಲವಿದೆ. ತಡೆಪಟ್ಟಿಯನ್ನು ಮುಚ್ಚಿಡುವುದಕ್ಕೂ ಇದೆ. ಮುಚ್ಚಿಟ್ಟಿದ್ದರೆ ನಾನಂತೂ ಬೇರೆ ಸರ್ವರ್ ಹುಡುಕುತ್ತೇನೆ.